ರೊಟ್ಟಿ ಬಿಟ್ಟರೆ ಗಾಳಿ ಬಿಟ್ಟೀತೇ?

ಪರಿಚಯದವರ ಮಗನೊಬ್ಬ ಸೈಕಲ್ ಸ್ಪರ್ಧೆಗೆ ತಯಾರಿ ನಡೆಸಿದ್ದಾನೆ. ಬೆಳಕು ಹರಿಯುವ ಮೊದಲೇ ಹುಬ್ಬಳ್ಳಿಯಿಂದ ಧಾರವಾಡಕ್ಕೆ ತುಳಿದು ಮರಳುತ್ತಾನೆ. ಹೋಗಿಬರಲು ಸುಮಾರು 40 ಕಿಲೋಮೀಟರ್. ಮೊನ್ನೆ ಅವರ ಮನೆಗೆ ಹೋದಾಗ ಹುಡುಗನ ತಾಟಿನಲ್ಲಿ ಬರೀ ಸೌತೆಕಾಯಿ. ತಾಯಿ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದರು. ‘ಕಾಕಾ, ಐದು ಕಿಲೋ ಇಳಿಸಿದ್ರ ಟೈಮಿಂಗ್ ತಾನ ಸುಧಾರಸ್ತದ’ ಎಂದ.

ಮಾತು ಅರ್ಧ ನಿಜ. ಸವದತ್ತಿ ಯಲ್ಲಮ್ಮನ ಗುಡ್ಡದಂಥ ಏರಿನಲ್ಲಿ ತೂಕವೇ ಶತ್ರು. ಸೈಕಲ್ ಸೇರಿ 80 ಕಿಲೋ ಇದ್ದವನು ಬಲ ಕುಂದದಂತೆ ಐದು ಕಿಲೋ ಇಳಿಸಿದರೆ, ಒಂದು ಗಂಟೆಯ ಕಡಿದಾದ ಏರಿನಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಉಳಿಸಬಹುದು.

ಆದರೆ ಟೈಮ್ ಟ್ರಯಲ್ ಎಂದರೆ ಹೆಚ್ಚಾಗಿ ಸಪಾಟು ರಸ್ತೆಯಲ್ಲಿ ಒಬ್ಬನೇ ಗಡಿಯಾರದ ಎದುರು ತುಳಿಯುವ ಸ್ಪರ್ಧೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹಾಕಿದ ಶಕ್ತಿಯ ನೂರರಲ್ಲಿ ಸುಮಾರು 80 ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿ ತೂಕ ಕೇಳುವುದಿಲ್ಲ, ಎದುರಿಗೆ ಬರುವ ಮೈಯ ಅಗಲ ಕೇಳುತ್ತದೆ. ಅದೇ ಐದು ಕಿಲೋದಿಂದ ಇಲ್ಲಿ ಗಂಟೆಗೆ ಉಳಿಯುವುದು ಹದಿನೈದು ಸೆಕೆಂಡಿನಷ್ಟು. ಸ್ಪೇನಿನ ಮಿಗೆಲ್ ಇಂದುರಾಯ್ನ್ ಸುಮಾರು 80 ಕಿಲೋದ ಆಳು. 1992ರ ಟೂರ್ ದ ಫ್ರಾನ್ಸ್‌ನಲ್ಲಿ ಲಕ್ಸೆಂಬರ್ಗಿನ 65 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ಎರಡನೆಯವನನ್ನು ಮೂರು ನಿಮಿಷ ಹಿಂದೆ ಹಾಕಿದ.

ಹಾಗಾದರೆ ‘ತೂಕ ಇಳಿಸಿ ಗೆದ್ದ’ ಎಂಬ ಕತೆ ಇಷ್ಟು ಹಬ್ಬಿದ್ದು ಹೇಗೆ? ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಗುಣವಾಗಿ ಬಂದವನು 1999ರಿಂದ ಸತತ ಏಳು ಟೂರ್ ಗೆದ್ದ. ಕಾಯಿಲೆಯಲ್ಲಿ ಮೈ ಇಳಿಯಿತು, ಅದಕ್ಕೇ ವೇಗ ಬಂತು ಎಂದು ಜಗತ್ತು ನಂಬಿತು. 2005ರಲ್ಲಿ ಪ್ರಕಟವಾದ ವೈಜ್ಞಾನಿಕ ಪ್ರಬಂಧವೊಂದು ಕೂಡ ತೂಕದ ಇಳಿಕೆ ಮತ್ತು ಸ್ನಾಯುಗಳ ದಕ್ಷತೆಯನ್ನೇ ಕಾರಣವೆಂದಿತು. 2012ರಲ್ಲಿ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಏಳೂ ಸಲ ಉದ್ದೀಪನ ಮದ್ದು ಬಳಸಿದ್ದಾಗಿ 2013ರ ಜನವರಿಯಲ್ಲಿ ಅವನೇ ಟಿವಿಯಲ್ಲಿ ಒಪ್ಪಿಕೊಂಡ. ತೂಕದ ಕತೆ ಆ ಮದ್ದಿಗೆ ಒಳ್ಳೆಯ ಹೊದಿಕೆಯಾಗಿತ್ತು.

ಇದನ್ನು ಹೇಳಬೇಕಾದದ್ದು ನಮ್ಮ ಹುಡುಗರಿಗಾಗಿ. ವಿಜಯಪುರ, ಬಾಗಲಕೋಟೆಯ ಕಡೆ ಹಳ್ಳಿ ಹಳ್ಳಿಯಲ್ಲೂ ಸೈಕಲ್ ಕನಸು ಕಾಣುವ ಮಕ್ಕಳಿದ್ದಾರೆ. ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆಗೆ ಮೋಸ ಮಾಡಿದರೆ ಕರಗುವುದು ಕೊಬ್ಬಷ್ಟೇ ಅಲ್ಲ, ತುಳಿಯುವ ಸ್ನಾಯುವೂ ಕರಗುತ್ತದೆ. ಆಗ ಆ ಹದಿನೈದು ಸೆಕೆಂಡೂ ಕೈಗೆ ಸಿಗದು.

‘ತಲೆ ತಗ್ಗಿಸು, ಮೊಣಕೈ ಒಳಗೆ ತಗೊ, ಬೆನ್ನು ಸಪಾಟ ಇಡು. ಆಷಾಢದ ಗಾಳಿಗೆ ಎದುರಾಗಿ ಧಾರವಾಡಕ್ಕೆ ತುಳಿದು ನೋಡು, ನಿನಗ ಗೊತ್ತಾಗ್ತದ’ ಎಂದೆ. ಹುಡುಗ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಆದರೂ ತಾಯಿ ತಾಟಿಗೆ ಹಾಕಿದ ರೊಟ್ಟಿಯನ್ನು ಬೇಡವೆನ್ನಲಿಲ್ಲ.