ಊರಿನಲ್ಲಿ ಬಂಗಲೆ, ಯಾದಗಿರಿಯಲ್ಲಿ ಬಾಡಿಗೆ

ಕರಾವಳಿಯಿಂದ ಯಾದಗಿರಿ, ಶಹಾಪುರ, ಸುರಪುರದ ಕಡೆ ವ್ಯಾಪಾರಕ್ಕೆ ಹೋಗಿ ನೆಲೆಸಿದ ನಮ್ಮವರ ಮನೆಯ ಲೆಕ್ಕ ಸ್ವಲ್ಪ ವಿಚಿತ್ರ. ವರ್ಷದ ಹನ್ನೊಂದು ತಿಂಗಳು ಇರುವುದು ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ, ಬಾಡಿಗೆಗೆ. (ಬಾಡಿಗೆ ಕರಾರೂ ಹನ್ನೊಂದು ತಿಂಗಳದ್ದೇ!) ಎರಡು ಪೆರ್ನಾಲ್‌ಗೆ, ಒಂದೆರಡು ಮದುವೆಗೆ ಬಂದಾಗ ಮಾತ್ರ ಇರುವುದು ಊರಿನ ಎರಡಂತಸ್ತಿನ ಮನೆಯಲ್ಲಿ. ಉಳಿದ ದಿನ ಆ ಮನೆಯಲ್ಲಿ ವಯಸ್ಸಾದ ಉಮ್ಮ ಒಬ್ಬರೇ, ಇಲ್ಲವೇ ಬೀಗ.

ಮೊದಲ ಮನೆ ಮಾಡುವುದು ಹೇಗೆ ಎಂದು ಕೇಳುವ ಹುಡುಗರಿಗೆ ನನ್ನ ಉತ್ತರ ಒಂದೇ. ಮಕ್ಕಳು ಶಾಲೆಗೆ ಹೋಗುವ ಊರಿನಲ್ಲಿ ಮಾಡಿ. ಸಣ್ಣದಾದರೂ ಸರಿ, ಒಂದು ಕೋಣೆ ಕಡಿಮೆಯಾದರೂ ಸರಿ. ಊರಿನ ಮನೆ ಎರಡನೆಯದಾಗಲಿ.

ಇದನ್ನು ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಗೊತ್ತು. "ನಾಳೆ ವ್ಯಾಪಾರ ಬಿದ್ದರೆ ಅಲ್ಲಿ ನಮಗೆ ಯಾರಿದ್ದಾರೆ? ಮಯ್ಯತ್ ಆದರೆ ಎಲ್ಲಿಗೆ ತರುವುದು?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ತಮಾಷೆ ಮಾಡುವುದು ಸರಿಯಲ್ಲ. ಆದರೆ ಇಪ್ಪತ್ತು ವರ್ಷ ಒಂದೇ ಪೇಟೆಯಲ್ಲಿ ಚಹಾ, ಬಿಸ್ಕತ್ತು ಮಾರಿದವನು ಅಲ್ಲಿಯ ಮಸೀದಿಯ ಜಮಾಅತ್‌ಗೆ ಇನ್ನೂ "ಮಂಗಳೂರಿನವ" ಆಗಿಯೇ ಉಳಿದಿದ್ದರೆ, ಅದಕ್ಕೆ ಒಂದು ಕಾರಣ ಅವನು ಯಾವತ್ತೂ ಹೊರಡಲು ತಯಾರಾಗಿ ಕೂತಂತೆ ಕಾಣುವುದು. ಮಕ್ಕಳ ಕಥೆ ಬೇರೆ. ಅವರು ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ "ಏನ್ರೀ, ಯಾಕ್ರೀ" ಕನ್ನಡ ಮಾತಾಡುತ್ತಾರೆ. ರಜೆಗೆ ಊರಿಗೆ ಬಂದರೆ ಸೋದರ ಸಂಬಂಧಿಗಳೇ ಅವರ ಮಾತು ಕೇಳಿ ನಗುತ್ತಾರೆ. ಅವರ ಊರು ಯಾವುದು ಎಂಬುದು ಆಗಲೇ ತೀರ್ಮಾನವಾಗಿದೆ.

ಇನ್ನು ಊರಿನ ಮನೆಯ ವಿಷಯ. ನಮ್ಮಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟಿಸುವುದು ಇದೇ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಪನ ಹೆಸರಿನ ಹತ್ತು ಸೆಂಟ್ಸ್ ಜಾಗದಲ್ಲಿ ಹಿರಿಮಗ ಹದಿನೈದು ವರ್ಷ ಹಣ ಕಳಿಸಿ ಮನೆ ಕಟ್ಟಿಸುತ್ತಾನೆ. ಕಲ್ಲು ಅವನದು, ಮರ ಅವನದು, ಟೈಲ್ಸ್ ಅವನದು. ಖಾತೆ ಮಾತ್ರ ಬಾಪನದು. ಬಾಪ ತೀರಿದ ದಿನ ಆ ಸ್ವತ್ತು ಎಲ್ಲ ವಾರಸುದಾರರದ್ದು: ಉಮ್ಮನಿಗೆ ಎಂಟನೇ ಒಂದು ಪಾಲು, ಉಳಿದದ್ದರಲ್ಲಿ ಗಂಡುಮಕ್ಕಳಿಗೆ ಎರಡು ಪಾಲಾದರೆ ಹೆಣ್ಣುಮಕ್ಕಳಿಗೆ ಒಂದೊಂದು. ಅದು ಅವರ ಹಕ್ಕು, ಅದನ್ನು ಕೇಳಿದ ತಂಗಿಯನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಆದರೆ "ಕಟ್ಟಿದ್ದು ನಾನು" ಎನ್ನುವ ಅಣ್ಣನ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ. ಹದಿನೈದು ವರ್ಷದ ದುಡಿಮೆ ಹೋಗಿ, ಐವತ್ತನೇ ವಯಸ್ಸಿನಲ್ಲಿ ಆತ ಮತ್ತೆ ಯಾದಗಿರಿಯ ಬಾಡಿಗೆ ಕೋಣೆಗೆ ವಾಪಸ್. ಉಮ್ಮ-ಬಾಪನಿಗೆ ಮನೆ ಕಟ್ಟಿಕೊಡುವುದು ಪುಣ್ಯದ ಕೆಲಸ, ಖಂಡಿತ ಮಾಡಿ. ಆದರೆ ಅದನ್ನು ಕೊಡುಗೆ ಎಂದು ತಿಳಿದು ಮಾಡಿ, ನಿಮ್ಮ ಆಸ್ತಿ ಎಂದು ತಿಳಿದಲ್ಲ.

ಇನ್ನೊಂದು ಪೇಚೂ ಇದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಸಹಾಯಧನಕ್ಕೆ ಮೊದಲ ಷರತ್ತು, ಅರ್ಜಿದಾರರ ಕುಟುಂಬಕ್ಕೆ ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಬಾರದು ಎಂಬುದು. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವವರು ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳಲು ನೆರವು ಕೇಳಬಹುದು. 9 ಲಕ್ಷದವರೆಗೆ ಆದಾಯ ಇರುವವರಿಗೆ ಗೃಹಸಾಲದ ಬಡ್ಡಿಯಲ್ಲಿ ಒಟ್ಟು 1.80 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಊರಿನಲ್ಲಿ ನಿಮ್ಮದೇ ಹೆಸರಿನಲ್ಲಿ ಮನೆ ಇದ್ದರೆ ಎರಡೂ ಬಾಗಿಲು ಮುಚ್ಚಿದ ಹಾಗೆ. ವಾಸವೇ ಇಲ್ಲದ ಮನೆ, ವಾಸಕ್ಕೆ ಬೇಕಾದ ಮನೆಗೆ ಅಡ್ಡ.

ಸರಿ, ಯಾದಗಿರಿಯಲ್ಲೇ ಮಾಡುವುದು ಎಂದಾಯಿತು. ಮೊದಲು ಒಂದು ಸುಳ್ಳನ್ನು ಬದಿಗಿಡೋಣ. "371(ಜೆ) ಬಂದ ಮೇಲೆ ಹೊರಗಿನವರು ಇಲ್ಲಿ ಜಾಗ ತಗೊಳ್ಳುವ ಹಾಗಿಲ್ಲ" ಎಂದು ನಮ್ಮವರೇ ಹೇಳುತ್ತಾರೆ. ಆ ವಿಧಿ ಇರುವುದು ಕಲ್ಯಾಣ ಕರ್ನಾಟಕದ ಜನರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಮತ್ತು ಪ್ರದೇಶದ ಅಭಿವೃದ್ಧಿಗೆ. ಮನೆ ಕೊಳ್ಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಲ್ಲಿ ಸಿಗುವುದು ಹೆಚ್ಚಾಗಿ ಫ್ಲಾಟ್ ಅಲ್ಲ, ಪ್ಲಾಟ್. 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಯಾದಗಿರಿಗೆ ಕಚೇರಿಗಳು ಬಂದವು, ವೈದ್ಯಕೀಯ ಕಾಲೇಜೂ ಬಂತು. ಶಹಾಪುರ, ಸುರಪುರದಲ್ಲಿ ಬೀದರ್-ಶ್ರೀರಂಗಪಟ್ಟಣ ಹೆದ್ದಾರಿಯ ಬದಿಯಲ್ಲಿ ಹೊಲಗಳಿಗೆ ಕಲ್ಲು ನೆಟ್ಟು ಪ್ಲಾಟ್ ಮಾಡಿದ್ದು ಕಾಣುತ್ತದೆ. ಅಂಗಡಿಗೆ ಬರುವ ಗಿರಾಕಿಯೇ ಒಂದು ದಿನ ಏಜೆಂಟನಾಗುತ್ತಾನೆ. "ಸೇಠ್, ಸೋವಿ ಐತ್ರಿ. ಎನ್.ಎ. ಆಗಿಲ್ಲ, ಆಗ್ತದ. ಬಾಂಡ್ ಮ್ಯಾಲೆ ಬರದು ಕೊಡ್ತೀವ್ರಿ." ಇಲ್ಲಿ ಎಚ್ಚರ ಬೇಕು. ಎನ್.ಎ. ಎಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ ಮಾಡಿದ ಆದೇಶ. ಕರಾವಳಿಯಲ್ಲಿ ನಾವು ಕನ್ವರ್ಷನ್ ಎನ್ನುತ್ತೇವಲ್ಲ, ಅದೇ. ಅದು ಆಗದೆ, ಬಡಾವಣೆಯ ನಕ್ಷೆ ಮಂಜೂರಾಗದೆ, ಅದು ಇನ್ನೂ ಹೊಲವೇ. ಬಾಂಡ್ ಪೇಪರಿನ ಮೇಲೆ ನೋಟರಿ ಸಹಿ ಬಿದ್ದರೆ ಜಾಗ ನಿಮ್ಮದಾಗುವುದಿಲ್ಲ. ಅಗ್ರಿಮೆಂಟ್, ಜಿಪಿಎ ಹಿಡಿದುಕೊಂಡವನಿಗೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ನೋಂದಣಿಯಾದ ಕ್ರಯಪತ್ರ ಒಂದೇ ದಾರಿ.

ನಗರಸಭೆಯ ವ್ಯಾಪ್ತಿಯಾದರೆ ಇ-ಖಾತೆಯ ನಮೂನೆ-3 ಕೇಳಿ. ಪಂಚಾಯಿತಿಯಾದರೆ ಇ-ಸ್ವತ್ತುವಿನ ನಮೂನೆ 9 ಮತ್ತು 11ಎ. "ಬಿ-ಖಾತಾ ಆಗಿದೆ, ಇನ್ನೇನು ಚಿಂತೆ" ಎಂದರೆ ನಂಬಬೇಡಿ. ಬಿ-ಖಾತಾ ಎಂದರೆ ತೆರಿಗೆಯ ಪುಸ್ತಕಕ್ಕೆ ಹೆಸರು ಸೇರಿತು ಎಂದಷ್ಟೇ, ಬಡಾವಣೆ ಸಕ್ರಮವಾಯಿತು ಎಂದಲ್ಲ. ಋಣಭಾರ ಪತ್ರವನ್ನು 30 ವರ್ಷಕ್ಕೆ ತೆಗೆಸಿ, ನೂರಾರು ರೂಪಾಯಿಯ ಕೆಲಸ. ಇವೆಲ್ಲ ಎಲ್ಲ ಊರಿಗೂ ಒಂದೇ. ಯಾದಗಿರಿಯಲ್ಲಿ ಮರೆಯಲೇಬಾರದ ಇನ್ನೆರಡು ಸಂಗತಿಗಳಿವೆ.

ಒಂದು, ಸರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನು. ಸುರಪುರ, ಶಹಾಪುರದ ಕಡೆ ಪರಿಶಿಷ್ಟ ಕುಟುಂಬಗಳು ಬಹಳ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಇಂಥ ಜಮೀನನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ವ್ಯವಹಾರವೇ ಅಸಿಂಧು. ಮಂಜೂರಾತಿ ಪಡೆದವರು ಅಥವಾ ಅವರ ವಾರಸುದಾರರು ಸಹಾಯಕ ಆಯುಕ್ತರಿಗೆ ಅರ್ಜಿ ಕೊಟ್ಟು ಜಮೀನು ವಾಪಸ್ ಪಡೆಯಬಹುದು. ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಖಚಿತ ಮಾಡಿದೆ. ಬಡವರ ಭೂಮಿ ಬಡವರಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಇದು, ಮತ್ತು ನ್ಯಾಯವಾದದ್ದು. ಅದನ್ನು ಸುತ್ತಿಬಳಸಿ ಮನೆ ಕಟ್ಟುವ ಆಸೆ ನಮಗೆ ಬೇಡ. ಮೂಲ ಮಂಜೂರಾತಿ ಯಾರ ಹೆಸರಿಗಿತ್ತು ಎಂದು ತಹಶೀಲ್ದಾರ್ ಕಚೇರಿಯ ದಾಖಲೆ ಕೊಠಡಿಯಲ್ಲಿ ನೋಡಿಸಿ.

ಎರಡು, ವಕ್ಫ್. ಇದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಭಾಗ. ದರ್ಗಾ, ಮಸೀದಿ, ಅಶೂರ್‌ಖಾನಾಗಳಿಗೆ ಬಿಟ್ಟ ಇನಾಂ ಜಮೀನುಗಳಿವೆ, ಹಳೆಯ ದಾಖಲೆ ಉರ್ದುವಿನಲ್ಲಿ ಇರುತ್ತದೆ. ವಕ್ಫ್ ಆಸ್ತಿಯ ಮಾರಾಟ ಕಾನೂನಿನಲ್ಲಿ ಅಸಿಂಧು. ನಮಗಂತೂ ಅದು ಕಾನೂನಿನ ಮಾತು ಮಾತ್ರ ಅಲ್ಲ, ಅಲ್ಲಾಹನ ಹೆಸರಿಗೆ ಬಿಟ್ಟದ್ದನ್ನು ಕೊಂಡು ಅದರ ಮೇಲೆ ನಮಾಝ್ ಮಾಡುವುದು ಹೇಗೆ? ಮಾರುವವನು ಟೋಪಿ ಹಾಕಿದ್ದಾನೆ, ಸಲಾಂ ಹೇಳಿದ್ದಾನೆ ಎಂಬುದು ದಾಖಲೆಯಾಗುವುದಿಲ್ಲ. ಸರ್ವೆ ನಂಬರ್ ಹಿಡಿದುಕೊಂಡು ಜಿಲ್ಲಾ ವಕ್ಫ್ ಕಚೇರಿಗೆ ಹೋಗಿ ಪಟ್ಟಿ ನೋಡಿ, ಪಹಣಿಯ 11ನೇ ಕಾಲಂ ಓದಿ. ಅರ್ಧ ದಿನ ಅಂಗಡಿ ಮುಚ್ಚಿದರೆ ಏನೂ ಆಗದು.

ಖರ್ಚಿನಲ್ಲಿ ನಮ್ಮವರು ಮರೆಯುವುದು ನೋಂದಣಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ನಗರದಲ್ಲಿ ಒಟ್ಟು ಶೇ. 7.6. ಹನ್ನೆರಡು ಲಕ್ಷದ ಪ್ಲಾಟ್ ಎಂದಿಟ್ಟುಕೊಂಡರೆ 91,200 ರೂಪಾಯಿ. ಇದನ್ನು ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಇದೆ. ನಾಳೆ ವ್ಯಾಜ್ಯ ಬಂದರೆ ಪತ್ರದಲ್ಲಿ ಬರೆದಷ್ಟಕ್ಕೇ ನಿಮ್ಮ ಹಕ್ಕು. ಮುಂಗಡವನ್ನೂ ಬ್ಯಾಂಕ್ ಮೂಲಕವೇ ಕೊಡಿ.

ಕಟ್ಟುವ ವಿಷಯದಲ್ಲಿ ಕರಾವಳಿಯ ಬುದ್ಧಿಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬಾರದು. ನಮ್ಮದು ಮುರಕಲ್ಲಿನ ಗಟ್ಟಿ ನೆಲ, ಎರಡಡಿ ಅಗೆದು ಕಲ್ಲು ಇಟ್ಟರೂ ಗೋಡೆ ನಿಲ್ಲುತ್ತದೆ. ಅಲ್ಲಿ ಬಹಳ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಎರಡೇ ವರ್ಷದಲ್ಲಿ ಗೋಡೆ ಸೀಳು. ಆದ್ದರಿಂದ ಪ್ಲಾಟ್ ಸೋವಿ ಎಂದರೆ ಮನೆ ಸೋವಿ ಎಂದಲ್ಲ, ಪಾಯದ ಖರ್ಚನ್ನು ಪ್ಲಾಟಿನ ಬೆಲೆಗೆ ಸೇರಿಸಿಯೇ ನೋಡಬೇಕು. ಊರಿನಿಂದ ಮೇಸ್ತ್ರಿ ಕರೆಸುವ ಬದಲು ಅಲ್ಲಿಯವರನ್ನೇ ಕೇಳಿ. ಶಹಾಬಾದಿನ ಕಲ್ಲು ಹತ್ತಿರದಲ್ಲೇ ಸಿಗುತ್ತದೆ, ನೆಲಕ್ಕೆ ಅದಕ್ಕಿಂತ ತಂಪಾದದ್ದು ಇಲ್ಲ. ಏಪ್ರಿಲ್-ಮೇಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹೊಳೆಯುವ ಗ್ಲಾಸಿನ ಮುಂಭಾಗ ಕಟ್ಟಿಸಿಕೊಂಡವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಗೆ ಅರ್ಥ ಇತ್ತು.

ಕೊನೆಗೆ ಉಳಿಯುವುದು ಹಣ ಮತ್ತು ಬಡ್ಡಿ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಮೊದಲ ಮನೆಯ ಅನಿವಾರ್ಯತೆಗೆ ಬ್ಯಾಂಕ್ ಸಾಲ ಆಗಬಹುದು ಎಂದು ಯುರೋಪಿನ ಫತ್ವಾ ಮಂಡಳಿ 1999ರಲ್ಲಿ ಅಲ್ಲಿಯ ಮುಸ್ಲಿಮರಿಗೆ ಹೇಳಿತ್ತು, ಅದನ್ನು ಒಪ್ಪದ ಉಲಮಾಗಳೂ ಬಹಳ. ನೀವು ನಂಬುವ ಉಸ್ತಾದರನ್ನು ಕೇಳಿ. ಆದರೆ ಬಡ್ಡಿ ಬೇಡ ಎಂದವರು ಇನ್ನೊಂದು ಹೊಂಡಕ್ಕೆ ಬೀಳಬಾರದು. ಬೆಂಗಳೂರಿನ ಐಎಂಎ ನೆನಪಿದೆಯಲ್ಲ? "ಹಲಾಲ್ ಲಾಭ" ಎಂದು ಹೇಳಿ, 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಮುಸ್ಲಿಂ ಮನೆಗಳ ಉಳಿತಾಯ ಮುಳುಗಿತು. ಮನೆಗೆಂದು ಕೂಡಿಟ್ಟ ಹಣವನ್ನು ತಿಂಗಳ ಲಾಭದ ಆಸೆಗೆ ಯಾರ ಕೈಗೂ ಕೊಡಬೇಡಿ. ಬಡ್ಡಿಯಿಲ್ಲದ ದಾರಿ ನಿಧಾನದ ದಾರಿ. ಈ ವರ್ಷ ಪ್ಲಾಟ್, ಎರಡು ವರ್ಷ ಬಿಟ್ಟು ಪಾಯ, ಮತ್ತೆ ಎರಡು ಕೋಣೆ. ಅಣ್ಣತಮ್ಮಂದಿರ ಕೈಸಾಲ ಪಡೆದರೆ ಮೊತ್ತ, ವಾಯಿದೆ, ಇಬ್ಬರು ಸಾಕ್ಷಿ ಸಹಿತ ಬರೆದಿಡಿ. ಸಾಲವನ್ನು ಬರೆದಿಡಬೇಕೆಂದು ಕುರ್‌ಆನ್‌ನಲ್ಲೇ ಇದೆ, ನಾವು ಮಾತ್ರ ಸಂಕೋಚ ಪಡುತ್ತೇವೆ.

ನಮ್ಮ ಮನೆಗಳಲ್ಲಿ ಮೊದಲ ಪ್ಲಾಟಿನ ಅರ್ಧ ಹಣ ಬರುವುದು ಹೆಂಡತಿಯ ಚಿನ್ನದಿಂದ. ಮಹರ್ ಅವಳದು, ತವರಿನ ಸರ, ಬಳೆ ಅವಳದು. ಮಾರಿ ಕೊಟ್ಟ ಮೇಲೆ ಪತ್ರದಲ್ಲಿ ಅವಳ ಹೆಸರೇ ಇರುವುದಿಲ್ಲ. ಇದನ್ನು ಸರಿಪಡಿಸಲು ಯಾವ ಕಾಯ್ದೆಯೂ ಬೇಡ. ಕ್ರಯಪತ್ರ ಬರೆಸುವಾಗಲೇ ಖರೀದಿದಾರರು ಇಬ್ಬರು ಎಂದು ಬರೆಸಿ, ಯಾರ ಪಾಲು ಎಷ್ಟು ಎಂದೂ ನಮೂದಿಸಿ. ನೋಂದಣಿಯ ದಿನ ಅವಳೂ ಉಪನೋಂದಣಾಧಿಕಾರಿಗಳ ಕಚೇರಿಗೆ ಬಂದು ಬೆರಳು ಒತ್ತಲಿ. ಮುಂದಿನ ವಾರವೇ ನಗರಸಭೆಗೆ ಹೋಗಿ ಖಾತೆಯಲ್ಲೂ ಎರಡು ಹೆಸರು ಬಂದಿದೆಯೇ ಎಂದು ನೋಡಿ. ಎಷ್ಟೋ ಸಲ ಪತ್ರದಲ್ಲಿ ಇದ್ದ ಹೆಸರು ಅಲ್ಲಿ ಬಿಟ್ಟುಹೋಗಿರುತ್ತದೆ.