ಹತ್ತರಲ್ಲೊಂದು ಪಾಲು

‘ಸಸ್ಯಕ್ಕೂ ಜೀವವಿದೆಯಲ್ಲವೇ? ಹಾಗಿರುವಾಗ ಸೊಪ್ಪು ತಿನ್ನುವವರಿಗೂ ಮಾಂಸ ತಿನ್ನುವವರಿಗೂ ಭೇದವೇನು?’ ಈ ಪ್ರಶ್ನೆ ಜೈನರಿಗೆ ಹೊಸದಲ್ಲ. ವನಸ್ಪತಿಯನ್ನು ಏಕೇಂದ್ರಿಯ ಜೀವವೆಂದು ಮೊದಲೇ ಒಪ್ಪಿದ ಧರ್ಮ ನಮ್ಮದು. ಶ್ರಾವಕನ ಆಹಾರದಲ್ಲಿ ಹಿಂಸೆಯೇ ಇಲ್ಲವೆಂದಲ್ಲ, ಅದು ಅಲ್ಪವೆಂಬುದಷ್ಟೇ ನಮ್ಮ ವಾದ.

ಎಷ್ಟು ಅಲ್ಪ? ಇದಕ್ಕೆ ವಿಜ್ಞಾನದಲ್ಲೊಂದು ಲೆಕ್ಕವಿದೆ. ಅಮೆರಿಕದ ಮಿನ್ನೆಸೋಟಾದ ಪುಟ್ಟ ಸರೋವರವೊಂದನ್ನು ಅಭ್ಯಸಿಸಿದ ರೇಮಂಡ್ ಲಿಂಡೆಮನ್, ಆಹಾರ ಸರಪಳಿಯಲ್ಲಿ ಶಕ್ತಿ ಹರಿಯುವ ಬಗೆಯನ್ನು 1942ರ ಪ್ರಬಂಧದಲ್ಲಿ ನಿರೂಪಿಸಿದರು. (ಅದು ಅಚ್ಚಾಗುವ ಮುನ್ನವೇ, 26ರ ಹರೆಯದಲ್ಲಿ, ತೀರಿಕೊಂಡರು.) ಬಿಸಿಲಿನಿಂದ ಹುಲ್ಲು ಕೂಡಿಟ್ಟ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮೇಯುವ ಪ್ರಾಣಿಯ ಮೈಗೂಡುತ್ತದೆ, ಉಳಿದದ್ದು ಉಸಿರಾಟ, ಓಡಾಟ, ಮೈಕಾವು, ಮಲಗಳಲ್ಲಿ ಕಳೆದುಹೋಗುತ್ತದೆ. ಮುಂದಿನ ಮೆಟ್ಟಿಲಲ್ಲೂ ಹಾಗೆಯೇ. ಬಂಡೀಪುರದಲ್ಲಿ ಜಿಂಕೆಗಳು ಹಿಂಡುಹಿಂಡಾಗಿದ್ದು ಹುಲಿಗಳು ವಿರಳವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಮಾಂಸದ ತುತ್ತಿನ ಹಿಂದೆ ಪಂಚೇಂದ್ರಿಯ ಜೀವವೊಂದರ ವಧೆಯಷ್ಟೇ ಅಲ್ಲ, ಅದು ಬಾಳಿಡೀ ತಿಂದ ಏಕೇಂದ್ರಿಯ ಜೀವರಾಶಿಯೂ ಇದೆ. ಸಸ್ಯದ ಮೇಲೆ ಕನಿಕರವುಳ್ಳವರೂ ಸಸ್ಯಾಹಾರಿಗಳೇ ಆಗಬೇಕಾಗುತ್ತದೆ!

ಆದರೆ ಈ ಲೆಕ್ಕ ನಮ್ಮನ್ನೂ ಬಿಡುವುದಿಲ್ಲ. ಹಸುವೂ ಎರಡನೆಯ ಮೆಟ್ಟಿಲಿನದೇ. ಹಾಲು ತುಪ್ಪಗಳ ಹಿಂದೆಯೂ ಹೊರೆಹೊರೆ ಮೇವಿದೆ. ಸಂತರ್ಪಣೆಗಳಲ್ಲಿ ತುಪ್ಪ ಸುರಿದು, ಬಡಿಸಿದ ಸಿಹಿಯನ್ನು ಎಲೆಯಲ್ಲೇ ಬಿಟ್ಟೇಳುವವರು ಅಲ್ಪಹಿಂಸೆಯ ಹೆಮ್ಮೆ ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನೂ, ಹಾಲು, ಮೊಸರು, ತುಪ್ಪ ಮುಂತಾದವನ್ನು ತ್ಯಜಿಸುವ ರಸಪರಿತ್ಯಾಗವನ್ನೂ ಬಾಹ್ಯ ತಪಸ್ಸುಗಳಲ್ಲಿ ಎಣಿಸಿದ್ದಾರೆ. ಅವು ಮುನಿಗಳಿಗಷ್ಟೇ ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ದಶಲಕ್ಷಣ ಪರ್ವದ ಹತ್ತು ದಿನವಾದರೂ ನಮ್ಮ ಅಡುಗೆಮನೆಗಳಲ್ಲಿ ಅವು ನಡೆಯಬಾರದೇಕೆ?