ಎಚ್ಚರಿಕೆಯ ಮಾತು ಹೇಗಿರಬೇಕು?

2023ರ ಅಕ್ಟೋಬರ್‌ನಲ್ಲಿ ಒಂದು ದಿನ ಕರ್ನಾಟಕದ ಅನೇಕ ಮೊಬೈಲ್ ಫೋನುಗಳು ಒಮ್ಮೆಲೇ ಕರ್ಕಶವಾಗಿ ಕೂಗಿಕೊಂಡವು. ಇದು ದೂರಸಂಪರ್ಕ ಇಲಾಖೆ ಕಳಿಸಿದ ಪರೀಕ್ಷಾ ಸಂದೇಶ, ಯಾರೂ ಏನೂ ಮಾಡಬೇಕಾಗಿಲ್ಲ ಎಂದು ತೆರೆಯ ಮೇಲೆ ಬರೆದಿತ್ತು. ಓದುವ ಮೊದಲೇ ಬೆಚ್ಚಿಬಿದ್ದವರೂ ಇದ್ದರು.

ಈ ವಿಧಾನಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಎಂದು ಹೆಸರು. ಸಾಮಾನ್ಯ ಎಸ್ಸೆಮ್ಮೆಸ್ ಅಂಚೆಯ ಕಾಗದದ ಹಾಗೆ; ಒಂದೊಂದು ನಂಬರಿಗೂ ಬೇರೆ ಬೇರೆಯಾಗಿ ಹೋಗಬೇಕು. ಸೆಲ್ ಬ್ರಾಡ್‌ಕಾಸ್ಟ್ ಡಂಗುರದ ಹಾಗೆ. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಬಾರಿಗೆ ತಲುಪುತ್ತದೆ. ನಂಬರುಗಳ ಪಟ್ಟಿ ಬೇಕಿಲ್ಲ. ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಜಾಲದಲ್ಲಿ ದಟ್ಟಣೆಯಾದಾಗಲೂ ಕೆಲಸ ಮಾಡಬಲ್ಲದು.

ಸದ್ದು ಕಿವಿಗೇನೋ ಮುಟ್ಟಿತು. ಆದರೆ ಕೇಳಿದವರು ಸರಿಯಾದ ಕೆಲಸ ಮಾಡುತ್ತಾರೆಯೇ? ಈ ಪ್ರಶ್ನೆಯನ್ನೇ ಹಿಡಿದುಕೊಂಡು ವಿಶ್ವವಿದ್ಯಾಲಯಗಳಲ್ಲಿ ಹಲವು ದಶಕಗಳಿಂದ ಸಂಶೋಧನೆ ನಡೆದಿದೆ.

ಅದರ ಮೊದಲ ಅಧ್ಯಾಯ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನದು. 1917ರ ಡಿಸೆಂಬರ್ 6ರ ಬೆಳಿಗ್ಗೆ ಮದ್ದುಗುಂಡು ತುಂಬಿದ್ದ ಮಾಂಟ್ ಬ್ಲಾಂಕ್ ಎಂಬ ಹಡಗು ಇನ್ನೊಂದು ಹಡಗಿಗೆ ತಾಗಿ ಹೊತ್ತಿಕೊಂಡಿತು. ಯುದ್ಧಕಾಲವಾದ್ದರಿಂದ ಅದರೊಳಗೆ ಏನಿದೆ ಎಂಬುದು ಊರಿನವರಿಗೆ ತಿಳಿದಿರಲಿಲ್ಲ. ಬೆಂಕಿ ನೋಡಲು ಜನ ಕಿಟಕಿಗಳ ಬಳಿ ನಿಂತರು. ಸುಮಾರು ಇಪ್ಪತ್ತು ನಿಮಿಷದಲ್ಲಿ ಹಡಗು ಸಿಡಿಯಿತು. ಬೆಳಕು ಕಂಡ ಮರುಗಳಿಗೆಯಲ್ಲೇ ಗಾಳಿಯ ಒತ್ತಡದ ಅಲೆ ಬಂದು ಗಾಜುಗಳು ಪುಡಿಯಾದವು. ಸುಮಾರು 2,000 ಜನ ಸತ್ತರು. ನೂರಾರು ಜನರ ಕಣ್ಣಿಗೆ ಗಾಜಿನ ಚೂರು ಹೊಕ್ಕಿತು. 'ಕಿಟಕಿಯಿಂದ ದೂರ ಸರಿಯಿರಿ' ಎಂಬ ಒಂದು ಮಾತು ತಲುಪಿದ್ದರೆ ಎಷ್ಟೋ ಕಣ್ಣುಗಳು ಉಳಿಯುತ್ತಿದ್ದವು.

ಆ ಊರಿನಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್ ಈ ದುರಂತವನ್ನೇ ವಿಷಯವಾಗಿಟ್ಟುಕೊಂಡು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದರು. 1920ರಲ್ಲಿ ಪ್ರಕಟವಾದ ಅದನ್ನು ವಿಕೋಪಗಳ ಸಾಮಾಜಿಕ ಅಧ್ಯಯನದ ಆರಂಭವೆಂದು ಪರಿಗಣಿಸುತ್ತಾರೆ. 1963ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಎನ್ರಿಕೋ ಕ್ವಾರಾಂಟೆಲಿ ಮತ್ತು ಸಂಗಡಿಗರು ಕಂಡುಕೊಂಡದ್ದು ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿತ್ತು. ವಿಪತ್ತಿನಲ್ಲಿ ಜನ ಬುದ್ಧಿಗೆಟ್ಟು ದಿಕ್ಕಾಪಾಲಾಗಿ ಓಡುವುದು ಅಪರೂಪ. ಅಕ್ಕಪಕ್ಕದವರಿಗೆ ನೆರವಾಗುವುದೇ ಹೆಚ್ಚು. ಆದ್ದರಿಂದ 'ಜನ ಗಾಬರಿಯಾಗುತ್ತಾರೆ' ಎಂದು ಸುದ್ದಿ ಮುಚ್ಚಿಡುವುದಕ್ಕೆ ಆಧಾರವಿಲ್ಲ.

ಡೆನ್ನಿಸ್ ಮಿಲೆಟಿ ಮತ್ತು ಜಾನ್ ಸೊರೆನ್ಸೆನ್ 1990ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವರದಿ ಬರೆದರು. ಮೊದಲ ಎಚ್ಚರಿಕೆ ಕೇಳಿದೊಡನೆ ಜನ ಏಳುವುದಿಲ್ಲ. ನೆರೆಯವರನ್ನು, ನೆಂಟರನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುತ್ತಾರೆ. ಆದ್ದರಿಂದ ಸಂದೇಶದಲ್ಲಿ ಐದು ಅಂಶಗಳು ಸ್ಪಷ್ಟವಾಗಿರಬೇಕು: ಅಪಾಯ ಏನು, ಎಲ್ಲಿ, ಯಾವಾಗ, ಏನು ಮಾಡಬೇಕು, ಹೇಳುತ್ತಿರುವವರು ಯಾರು. ಅದನ್ನೇ ಹಲವು ಮೂಲಗಳಿಂದ ಮತ್ತೆ ಮತ್ತೆ ಹೇಳಬೇಕು.

ನಮ್ಮ ದೇಶದ ಒಡಿಶಾ ಇದಕ್ಕೆ ಒಳ್ಳೆಯ ನಿದರ್ಶನ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದ ಮುನ್ಸೂಚನೆಯನ್ನು ಹವಾಮಾನ ಇಲಾಖೆ ಕೊಟ್ಟಿತ್ತು. ಆದರೂ ಸುಮಾರು 10,000 ಜನ ಸತ್ತರು. ಹೋಗಲು ಆಶ್ರಯತಾಣಗಳಿದ್ದದ್ದು ಕೆಲವೇ. ಆಮೇಲೆ ಆ ರಾಜ್ಯ ವಿಪತ್ತು ನಿರ್ವಹಣೆಗೆಂದೇ ಸಂಸ್ಥೆ ಕಟ್ಟಿತು, ಆಶ್ರಯತಾಣಗಳನ್ನು ಹೆಚ್ಚಿಸಿತು, ಹಳ್ಳಿಗಳಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಅಪ್ಪಳಿಸುವ ಹೊತ್ತಿಗೆ ಅಲ್ಲಿ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಸತ್ತವರು 50ಕ್ಕಿಂತ ಕಡಿಮೆ. ಫೈಲಿನ್ ಸ್ವಲ್ಪ ಕಡಿಮೆ ಬಲದ್ದು ನಿಜ. ಆದರೆ ಅಷ್ಟರಿಂದಲೇ ಇಷ್ಟು ಅಂತರ ಬರುವುದಿಲ್ಲ.

ಇನ್ನೊಂದು ಮುಖವೂ ಇದೆ. ಜನರನ್ನು ಸಮಾಧಾನಪಡಿಸುವುದೇ ಸಾರ್ವಜನಿಕ ಸಂಪರ್ಕದ ಕೆಲಸವೆಂದು ತಿಳಿದರೆ ಅನಾಹುತವಾಗುತ್ತದೆ. ಇಟಲಿಯ ಲಾಕ್ವಿಲಾ ನಗರದಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದವು. ಅಪಾಯವಿಲ್ಲ, ಭೂಮಿಯೊಳಗಿನ ಶಕ್ತಿ ಬಿಡುಗಡೆಯಾಗುತ್ತಿದೆ ಎಂದು ಮಾರ್ಚ್ 31ರಂದು ಅಧಿಕಾರಿಯೊಬ್ಬರು ಹೇಳಿದರು. ಅದು ತಪ್ಪು ವಿಜ್ಞಾನ; ಸಣ್ಣ ಕಂಪನಗಳು ದೊಡ್ಡದನ್ನು ತಪ್ಪಿಸುತ್ತವೆ ಎನ್ನಲು ಬಾರದು. ಕಂಪನವಾದಾಗ ಮನೆಯಿಂದ ಹೊರಬಂದು ಮಲಗುವ ಹಳೆಯ ರೂಢಿಯನ್ನು ಕೆಲವರು ಈ ಮಾತು ನಂಬಿ ಬಿಟ್ಟರೆಂದು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯ ಬಂತು. ಏಪ್ರಿಲ್ 6ರ ನಸುಕಿನಲ್ಲಿ ಭೂಕಂಪವಾಗಿ 309 ಜನ ಸತ್ತರು. 2012ರಲ್ಲಿ ಏಳು ಮಂದಿಗೆ ಶಿಕ್ಷೆಯಾಯಿತು. 2014ರಲ್ಲಿ ಆರು ಮಂದಿ ವಿಜ್ಞಾನಿಗಳು ಖುಲಾಸೆಯಾದರು, ಅಧಿಕಾರಿಯ ಶಿಕ್ಷೆ ಕಡಿಮೆಯಾದರೂ ರದ್ದಾಗಲಿಲ್ಲ. 'ಮುಂಚಿತವಾಗಿ ಹೇಳಲಾಗದು, ಎಚ್ಚರವಾಗಿರಿ' ಎಂಬುದೇ ಅಂದು ಆಡಬೇಕಿದ್ದ ಮಾತು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಅಭ್ಯಾಸ ಮಾಡಬಹುದು. ಮಳೆ, ಪ್ರವಾಹ, ರೋಗಗಳ ಬಗ್ಗೆ ಫೋನಿಗೆ ಬರುವ ಸಂದೇಶಗಳಲ್ಲಿ ಮೇಲಿನ ಐದು ಅಂಶಗಳಿವೆಯೇ ಎಂದು ತಂದೆತಾಯಿಗಳೊಡನೆ ಕುಳಿತು ಪರೀಕ್ಷಿಸಿ. ಹೇಳಿದವರು ಯಾರೆಂದೇ ತಿಳಿಯದಿದ್ದರೆ ಮುಂದಕ್ಕೆ ಕಳಿಸಬೇಡಿ. ಐದೂ ಇದ್ದು, ಮೂಲ ನಂಬತಕ್ಕದ್ದಾಗಿದ್ದರೆ ಕೂಡಲೇ ಅದರಂತೆ ನಡೆಯಿರಿ. ಫೋನಿಲ್ಲದ ಪಕ್ಕದ ಮನೆಯ ಅಜ್ಜಿಗೂ ಹೋಗಿ ಹೇಳಿ.